ಹೊಳೆಯ ತವರು

ನಾನು ಬೆಳೆದ ಊರಿನಲ್ಲಿ ಕಾಡು ಕಂಡವರು ಇರಲಿಲ್ಲ. ರಾಮದುರ್ಗ ಸೀಮೆಯ ಎರೆ ನೆಲ ಅದು. ಗುಡಿಯ ಮುಂದೊಂದು ಬೇವು, ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಬನ್ನಿ, ದಂಡೆಗುಂಟ ಜಾಲಿ. ಅಷ್ಟೇ ನಮ್ಮ ಗಿಡಮರಗಳ ಲೆಕ್ಕ. ನಮಗಿದ್ದದ್ದು ಹೊಳೆ. ಮಲಪ್ರಭಾ ಎಂಬ ಹೆಸರು ಶಾಲೆಯ ನಕಾಶೆಯಲ್ಲಿತ್ತು. ಮನೆಮಾತಿನಲ್ಲಿ ಅದು ಬರೀ ಹೊಳಿ, ಕೈ ಮುಗಿಯುವಾಗ ಗಂಗವ್ವ. ಯುಗಾದಿ ದಾಟಿತೆಂದರೆ ಹೊಳೆಯಲ್ಲಿ ನೀರಿಗಿಂತ ಉಸುಕೇ ಹೆಚ್ಚು. ಆಗ ಅವ್ವ ಉಸುಕಿನಲ್ಲಿ ಮೊಣಕಾಲೂರಿ ಕೂತು ಎರಡೂ ಕೈಯಿಂದ ವರತಿ ತೋಡುತ್ತಿದ್ದಳು. ಮೊಳಕೈ ಮುಳುಗುವಷ್ಟು ತೋಡಿದ ಮೇಲೆ ತಳದ ಉಸುಕು ಮೊದಲು ಬಣ್ಣ ಬದಲಿಸುತ್ತಿತ್ತು, ಆಮೇಲೆ ಮಿಂಚುತ್ತಿತ್ತು, ಆಮೇಲೆ ಒಂದು ಮಗ್ಗುಲಿನಿಂದ ನೀರು ಜಿನುಗಿ ಕುಣಿಯ ನಡುವೆ ಬಂದು ನಿಲ್ಲುತ್ತಿತ್ತು. ಮೊದಲ ನೀರು ರಾಡಿ, ಅದನ್ನು ಚೆಲ್ಲಬೇಕು. ಎರಡನೆಯದನ್ನೂ ಚೆಲ್ಲಬೇಕು. ಮೂರನೆಯದು ತಿಳಿಯಾದ ಮೇಲೆ ಚರಿಗೆಯಿಂದ ಮೊಗೆಮೊಗೆದು ಕೊಡಕ್ಕೆ ಸುರಿಯಬೇಕು. ಆ ಕೊಡ ತುಂಬುವ ತನಕ ಪಕ್ಕದಲ್ಲಿ ಕೂತು ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ. "ಈ ನೀರು ಎಲ್ಲಿಂದ ಬರ್ತದವ್ವಾ?"

"ಮ್ಯಾಲಿಂದ," ಅನ್ನುತ್ತಿದ್ದಳು. ಅಷ್ಟು ಹೇಳಿ ಪಡುವಣ ದಿಕ್ಕಿಗೆ ಗದ್ದ ಎತ್ತಿ ತೋರಿಸುತ್ತಿದ್ದಳು. ಆ ಮೇಲೆ ಅನ್ನುವುದು ಎಲ್ಲಿದೆ ಎಂದು ಅವಳೂ ಕಂಡಿರಲಿಲ್ಲ.

ದೂರವಾಣಿ ಇಲಾಖೆಯ ಕೆಲಸ ಸಿಕ್ಕು ನಾನು ಬೆಳಗಾವಿಗೆ ಬಂದದ್ದು ಒಂದು ಜುಲೈ ತಿಂಗಳು. ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಇಳಿದಾಗ ಬಿದ್ದ ಮಳೆ ಎಂಟು ದಿನ ನಿಲ್ಲಲಿಲ್ಲ. ಜೋರು ಮಳೆಯಲ್ಲ, ಜಿಟಿಜಿಟಿ. ಅರಿವೆ ಒಣಗುವುದಿಲ್ಲ, ಕಡ್ಡಿಪೆಟ್ಟಿಗೆ ಹತ್ತುವುದಿಲ್ಲ. ಮಳೆಗಾಗಿ ಕಪ್ಪೆಯ ಮದುವೆ ಮಾಡುವ ಊರಿನ ಹುಡುಗಿಗೆ ಮಳೆ ಹೀಗೆ ಯಾರೂ ಕರೆಯದೆ, ಯಾರೂ ಕೇಳದೆ ಬಂದು ಕೂಡುವುದು ನಂಬಲಾಗದ ಮಾತಾಗಿತ್ತು. ಕ್ಯಾಂಪ್ ಪ್ರದೇಶದ ಹಳೆಯ ದೊಡ್ಡ ಮರಗಳ ಕೆಳಗೆ, ಟಿಳಕವಾಡಿಯ ವ್ಯಾಕ್ಸಿನ್ ಡಿಪೋದ ಗಿಡಗಳ ನಡುವೆ ಕೊಡೆ ಹಿಡಿದು ಸುಮ್ಮನೆ ನಿಂತಿರುತ್ತಿದ್ದೆ. ಈ ಊರಿನ ಹಳೆಯ ಹೆಸರು ವೇಣುಗ್ರಾಮ, ಬಿದಿರಿನ ಊರು ಎಂದು ಕೋಟೆಯೊಳಗಿನ ಕಮಲ ಬಸದಿಗೆ ಹೋದಾಗ ತಿಳಿಯಿತು. ರಟ್ಟರ ಮಂತ್ರಿ ಬೀಚಿರಾಜ ಆ ಬಸದಿ ಕಟ್ಟಿಸಿದ್ದು 1204ರಲ್ಲಿ. ಎಂಟು ನೂರು ವರ್ಷದ ಹಿಂದೆ ಇಲ್ಲಿಯತನಕ ಬಿದಿರು ಇದ್ದಿತೆಂದರೆ ಕಾಡು ಬಹಳ ದೂರ ಹೋಗಿರಲಾರದು ಎಂದು ಅಂದೇ ಅನ್ನಿಸಿತು.

ನನ್ನ ಕೆಲಸ ಕಿವಿಯದು. ಟ್ರಂಕ್ ಕಾಲ್ ಕಾಲದ ಎಕ್ಸ್‌ಚೇಂಜಿನಲ್ಲಿ ಪಾಳಿಗೆ ಎಂಟು ತಾಸು ತಲೆಗೆ ಹೆಡ್‌ಫೋನ್ ಕಟ್ಟಿಕೊಂಡು ಕೂಡುವುದು. ಹುಬ್ಬಳ್ಳಿ, ಪುಣೆ, ಸಾಂಗಲಿ, ಮಡಗಾವ. ಅಳುವವರು, ಒದರುವವರು, ಸತ್ತ ಸುದ್ದಿ ಹೇಳಲಾರದೆ ಬಿಕ್ಕುವವರು. ಮನೆಗೆ ಬಂದ ಮೇಲೂ ಕಿವಿಯಲ್ಲಿ ಒಂದು ಸಣ್ಣ ಗುಂಯ್ ಉಳಿದಿರುತ್ತಿತ್ತು. ಆ ಸದ್ದು ಒಂದು ದಿನ ಪೂರ್ತಿ ಆರಿದ್ದು ಖಾನಾಪುರದ ಕಾಡಿನಲ್ಲಿ. ಅದಕ್ಕೇ ಆ ಕಾಡಿನ ಋಣ ನನ್ನ ಮೇಲಿದೆ ಎಂದು ನಾನು ನಂಬಿದ್ದೇನೆ.

ಕಾಡು ನನ್ನ ಬಳಿಗೆ ಮೊದಲು ಬಂದದ್ದು ಎಲೆಯ ಪೊಟ್ಟಣದಲ್ಲಿ. ಬೇಸಿಗೆ ಬಂತೆಂದರೆ ಖಾನಾಪುರ, ಜಾಂಬೋಟಿ ಕಡೆಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬೆಳಗಾವಿ ಪೇಟೆಗೆ ಬರುತ್ತಾರೆ. ಕವಳಿ ಹಣ್ಣು, ನೇರಳೆ, ಹಲಸಿನ ತೊಳೆ. ಕವಳಿ ಹಣ್ಣನ್ನು ಅಳೆದು ಎಲೆಯನ್ನು ಸುತ್ತಿ ಮಾಡಿದ ದೊನ್ನೆಗೆ ಹಾಕಿ ಕೊಡುತ್ತಾರೆ. ಕರ್ರಗೆ ಹಣ್ಣಾದದ್ದನ್ನು ಬಾಯಿಗೆ ಹಾಕಿದರೆ ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ತುಟಿಗೆ ಅಂಟುವ ಹಾಲು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿಯ ತವರು ಜಾಂಬೋಟಿ ಹತ್ತಿರದ ಒಂದು ಹಳ್ಳಿ. ಮನೆಮಾತು ಮರಾಠಿ. ನಾನು ದೊನ್ನೆ ಖಾಲಿ ಮಾಡುವುದನ್ನು ನೋಡಿ "ಅಕ್ಕಾ, ಒಮ್ಮಿ ಗಿಡದ ಮ್ಯಾಲಿಂದ ಹರಕೊಂಡು ತಿನ್ನಬೇಕು ನೋಡ್ರಿ, ಬರ್ರಿ ನಮ್ಮೂರಿಗೆ," ಅಂದಳು. ಹೋದದ್ದು ಮಾತ್ರ ಹಣ್ಣಿನ ಕಾಲದಲ್ಲಲ್ಲ. ರಜೆ ಸಿಕ್ಕದ್ದು ಗಣಪತಿ ಕಳಿಸಿದ ಮೇಲೆ, ಮಳೆ ಹಿಂದೆ ಸರಿಯುವ ಹೊತ್ತಿಗೆ.

ರೈಲಿನಲ್ಲಿ ಹೋದೆವು. ದೇಸೂರು, ಇದ್ದಲಹೊಂಡ, ಖಾನಾಪುರ. ಇಪ್ಪತ್ತಾರು ಕಿಲೋಮೀಟರಿನಲ್ಲಿ ನೆಲ ಬಣ್ಣ ಬದಲಿಸುವುದನ್ನು ಕಿಟಕಿಯಿಂದ ನೋಡಬಹುದು. ಖಾನಾಪುರ ಬರುವ ಹೊತ್ತಿಗೆ ಮಣ್ಣು ಪೂರಾ ಕೆಂಪು. ಅಲ್ಲಿನ ಹಂಚು, ಅಲ್ಲಿನ ಗಡಿಗೆ ನಮ್ಮ ಜಿಲ್ಲೆಗೆಲ್ಲ ಗೊತ್ತು. ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯೇ ಆ ಊರಿನಲ್ಲಿದೆ. ಸ್ಟೇಷನ್ ದಾಟಿ ಹೊಳೆ ಕಂಡಾಗ ನನಗೆ ಗುರುತು ಸಿಗಲಿಲ್ಲ. ಎರಡೂ ದಂಡೆಗೆ ಹಸಿರು ಬಾಗಿ ನೀರು ಮುಟ್ಟುತ್ತಿತ್ತು. ಗೆಳತಿಯನ್ನು ಕೇಳಿದೆ. "ಮಲಪ್ರಭಾ ಅಲ್ಲೇನ್ರಿ," ಅಂದಳು. ಊರಿನಲ್ಲಿ ಉಸುಕು ಮೈದೋರಿ ಮಲಗುವ ನಮ್ಮ ಹೊಳಿ, ಇಲ್ಲಿ ಹೀಗೆ ಮೈತುಂಬ ಉಟ್ಟುಕೊಂಡು ನಡೆಯುತ್ತಿತ್ತು. ಮದುವೆಯಾಗಿ ಹೋದ ಅಕ್ಕನ ಬಾಲ್ಯದ ಫೋಟೊ ಸಿಕ್ಕ ಹಾಗಾಯಿತು.

ಗೆಳತಿಯ ಅಣ್ಣ ಶಾಲಾ ಮಾಸ್ತರರು. ಅವರೇ ನಮ್ಮನ್ನು ಕಾಡಿಗೆ ಕರೆದುಕೊಂಡು ಹೋದರು. ಒಳಗಾಡಲ್ಲ, ಊರಿಗೆ ಸೇರಿದ ದೇವರ ಕಾಡು. ಅಲ್ಲಿ ದೇವರಾಯಿ ಅನ್ನುತ್ತಾರೆ. ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆದು ಹೋಗಬೇಕು. ಭತ್ತ ಹೊಡೆ ಒಡೆಯುವ ಕಾಲ, ಗದ್ದೆಯಿಂದ ಹಸಿ ಹಾಲಿನ ವಾಸನೆ ಬರುತ್ತಿತ್ತು. ಕಾಡಿನ ಬಾಯಿಗೆ ಬಂದಾಗ ಮಾಸ್ತರರು ಚಪ್ಪಲಿ ಬಿಟ್ಟರು. ನಾವೂ ಬಿಟ್ಟೆವು. "ಇಲ್ಲಿಂದ ಒಂದ ಕಡ್ಡಿನೂ ಹೊರಗ ಒಯ್ಯಂಗಿಲ್ಲರಿ ಅಕ್ಕಾರ, ಬಿದ್ದದ್ದು ಅಲ್ಲೇ ಕೊಳೀಬೇಕು," ಅಂದರು. ಅವರ ಅಜ್ಜನ ಕಾಲದಿಂದಲೂ ಆ ನೇಮ ಹಾಗೇ ನಡೆದು ಬಂದಿದೆಯಂತೆ.

ಮತ್ತಿ, ನಂದಿ, ಹೊನ್ನೆ, ಕಿಂದಳ, ನೇರಳೆ ಎಂದು ಮಾಸ್ತರರು ಮರ ಮುಟ್ಟಿಮುಟ್ಟಿ ಹೆಸರು ಹೇಳಿದರು. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಒಡೆದುಕೊಂಡಿರುತ್ತದೆ, ನಂದಿಯದು ನುಣುಪು. ಹತ್ತು ಹೆಜ್ಜೆ ಒಳಗೆ ಹೋದದ್ದೇ ತಡ, ಹಿಂದಿನ ಗದ್ದೆಯ ಸದ್ದು ಯಾರೋ ಬಾಗಿಲು ಮುಂದೆ ಮಾಡಿದ ಹಾಗೆ ನಿಂತುಹೋಯಿತು. ಮಾಸ್ತರರು ಕೈ ಮಾಡಿ ನಿಲ್ಲಿಸಿದರು. ನಿಂತೆವು.

ಕಿವಿಯ ಗುಂಯ್ ಮೊದಲು ಜೋರಾಯಿತು. ಸುತ್ತಲಿನ ಸದ್ದು ಇಲ್ಲವಾದಾಗ ನನ್ನದೇ ಕಿವಿಯ ಸದ್ದು ನನಗೆ ಕೇಳಿಸುತ್ತಿತ್ತು. ಹಾಗೇ ನಿಂತೆ. ಆಮೇಲೆ ಒಂದೊಂದೇ ದನಿ ಬೇರೆಬೇರೆಯಾಗಿ ಬರತೊಡಗಿತು. ಮಳೆ ನಿಂತು ಬಹಳ ಹೊತ್ತಾಗಿದ್ದರೂ ಎಲೆಯಿಂದ ಎಲೆಗೆ ಇಳಿಯುವ ಹನಿ. ದಪ್ಪ ಎಲೆಗೆ ಬಿದ್ದದ್ದಕ್ಕೆ ಒಂದು ಸದ್ದು, ತರಗೆಲೆಗೆ ಬಿದ್ದದ್ದಕ್ಕೆ ಇನ್ನೊಂದು. ಎಲ್ಲೋ ಕಲ್ಲಿನ ಕೆಳಗೆ ಹರಿಯುವ ನೀರು. ನೀರು ಕಾಣುವುದಿಲ್ಲ, ಮಾತು ಮಾತ್ರ. ಕೊಂಬೆಯ ಮೇಲಿಂದ ಕೆಂದಳಿಲು ಕಟಕಟ ಎಂದು ಬೈಯುತ್ತಿತ್ತು, ಅಲ್ಲಿಯವರಿಗೆ ಅದು ಶೇಕರು. ಆಮೇಲೆ ಹಳ್ಳದ ಕಡೆಯಿಂದ ಒಬ್ಬ ಹುಡುಗ ಸಿಳ್ಳೆ ಹೊಡೆಯುತ್ತ ಬರುವ ಹಾಗೆ ಕೇಳಿಸಿತು. ರಾಗ ಹಿಡಿದು, ಮರೆತು, ಮತ್ತೆ ನೆನಪು ಮಾಡಿಕೊಂಡು ಸಿಳ್ಳೆ ಹೊಡೆಯುವ ಹುಡುಗ. "ಯಾರದು?" ಎಂದು ಪಿಸುಗುಟ್ಟಿದೆ. "ಹಕ್ಕಿರಿ, ಸಿಳ್ಳಾರ," ಅಂದರು ಮಾಸ್ತರರು. ಎಷ್ಟು ಹೊತ್ತು ನಿಂತಿದ್ದೆವೋ ನೆನಪಿಲ್ಲ. ಗೆಳತಿ ನನ್ನ ಕಾಲಿನಿಂದ ಜಿಗಳಿ ಕಿತ್ತು ಎಸೆದಾಗ ಎಚ್ಚರವಾಯಿತು. ಕಿವಿಯ ಗುಂಯ್ ಇರಲಿಲ್ಲ.

ಎಂಟು ತಾಸು ಜನರ ದನಿ ಕೇಳುವವಳಿಗೆ ಆ ದಿನ ಒಂದು ಸಂಗತಿ ತಿಳಿಯಿತು. ನಿಶ್ಶಬ್ದ ಎಂದು ನಾವು ಕರೆಯುವುದು ಶಬ್ದ ಇಲ್ಲದಿರುವುದಕ್ಕಲ್ಲ, ಒಂದರ ಮೇಲೊಂದು ಬೀಳದೆ ಶಬ್ದಗಳು ತಮ್ಮತಮ್ಮ ಸರದಿಗೆ ಕಾಯುವುದಕ್ಕೆ. ಕಾಡಿನಲ್ಲಿ ಯಾವ ದನಿಯೂ ಇನ್ನೊಂದರ ಮಾತನ್ನು ಕಡಿಯುತ್ತಿರಲಿಲ್ಲ.

ಅಂದು ರಾತ್ರಿ ಮಾಸ್ತರರ ಮನೆಯ ಕಟ್ಟೆಯ ಮೇಲೆ ಕೂತು ಭೀಮಗಡದ ಮಾತು ಬಂತು. ಪೋರ್ಚುಗೀಸರ ಮೇಲೆ ಕಣ್ಣಿಡಲು ಶಿವಾಜಿ ಮಹಾರಾಜರು ಬಲಪಡಿಸಿದರೆಂದು ಹೇಳುವ ಕೋಟೆ ಅದು. ಅದರ ಹೆಸರನ್ನೇ ಹೊತ್ತ ಅಭಯಾರಣ್ಯ ಘೋಷಣೆಯಾದದ್ದು ನಾನು ಆ ಕಟ್ಟೆಯ ಮೇಲೆ ಕೂತ ಎಷ್ಟೋ ವರ್ಷಗಳ ಮೇಲೆ, 2011ರ ಡಿಸೆಂಬರಿನಲ್ಲಿ. ಸುಮಾರು 190 ಚದರ ಕಿಲೋಮೀಟರು. ಮಾಸ್ತರರಿಗೆ ಕೋಟೆಗಿಂತ ಬಾರಾಪೇಡೆಯ ಗವಿಗಳ ಮೇಲೆ ಅಭಿಮಾನ. ತಳೇವಾಡಿ ಹತ್ತಿರದ ಆ ಗವಿಗಳಲ್ಲಿ ಒಂದು ಜಾತಿಯ ಬಾವಲಿ ಇದೆ. ಓಲ್ಡ್‌ಫೀಲ್ಡ್ ಥಾಮಸ್ ಎಂಬ ಪ್ರಾಣಿಶಾಸ್ತ್ರಜ್ಞ 1913ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿ ರಾಟನ್ ಎಂಬ ಅಧಿಕಾರಿಯ ಹೆಸರಿಟ್ಟ. ಎಷ್ಟೋ ದಶಕ ಇಡೀ ಜಗತ್ತಿನಲ್ಲಿ ಆ ಬಾವಲಿ ಗೊತ್ತಿದ್ದದ್ದು ಆ ಗವಿಯೊಂದರಲ್ಲೇ. ಈಶಾನ್ಯ ಭಾರತದಲ್ಲಿ, ಕಾಂಬೋಡಿಯಾದಲ್ಲಿ ಕಂಡದ್ದು ಬಹಳ ತಡವಾಗಿ. "ದೊಡ್ಡ ದೊಡ್ಡ ಕಿವಿ ಅದಾವ್ರಿ ಅದಕ್ಕ. ಕಿವಿಯಿಂದನ ನೋಡ್ತದ," ಅಂದರು ಮಾಸ್ತರರು. ನನಗೆ ಆ ಜೀವದ ಮೇಲೆ ಅಂದೇ ಮನಸ್ಸು ಕೂತಿತು. ಕತ್ತಲಲ್ಲಿ ಕಿವಿಯನ್ನೇ ನಂಬಿ ಬದುಕುವ ಕಷ್ಟವೂ ಸುಖವೂ ನನಗೆ ಸ್ವಲ್ಪ ಗೊತ್ತು.

ಗವಿಗೆ ಹೋಗಲು ಅಪ್ಪಣೆ ಸಿಗುವುದು ಸಂಶೋಧಕರಿಗೆ, ಅದೂ ಕಷ್ಟದಿಂದ. ಆ ನಿರ್ಬಂಧ ಸರಿಯಾದದ್ದು ಎಂದೇ ನಾನು ಹೇಳುತ್ತೇನೆ. ಒಂದು ಬ್ಯಾಟರಿಯ ಬೆಳಕು, ನಾಲ್ಕು ಜನರ ಗದ್ದಲ ಸಾಕು, ಮರಿ ಕಟ್ಟಿಕೊಂಡು ತೂಗುವ ಬಾವಲಿಗಳು ಗವಿ ಬಿಡಲು. ಚೋರ್ಲಾ ದಾರಿಯಲ್ಲಿ ಶನಿವಾರ ರವಿವಾರ ಗಾಡಿ ನಿಲ್ಲಿಸಿ, ಬಾಗಿಲು ನಾಲ್ಕೂ ತೆರೆದು ಹಾಡು ಹಚ್ಚಿ, ಬಾಟಲಿ ಒಡೆದು ಹೋಗುವವರನ್ನು ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವರು ಏನನ್ನೂ ಕೇಳಿಸಿಕೊಳ್ಳದೆ ಹಿಂದಿರುಗುತ್ತಾರೆ. ಅವರು ಹೋದ ಮೇಲೂ ಆ ಜಾಗಕ್ಕೆ ಸಿಳ್ಳಾರ ಬಹಳ ಹೊತ್ತು ಬರುವುದಿಲ್ಲ. ಬೆಳಗಾವಿಯಿಂದ ಖಾನಾಪುರದ ತನಕ ರಸ್ತೆಯ ಇಕ್ಕೆಲಕ್ಕೆ ನೆರಳು ಹಿಡಿದು ನಿಂತಿದ್ದ ಹಳೆಯ ಮರಗಳು ಹೆದ್ದಾರಿ ಅಗಲ ಮಾಡುವಾಗ ಹೋದವು. ಬೇಗ ಮುಟ್ಟುತ್ತೇವೆ, ನಿಜ. ಆದರೆ ಮುಟ್ಟುವ ಮೊದಲೇ ಕಾಡಿನ ತಂಪು ಮೈಗೆ ತಾಗುತ್ತಿತ್ತಲ್ಲ, ಅದು ಈಗ ಇಲ್ಲ.

ಸುತ್ತಲಿನ ಸೀಮೆಯೂ ಬರಿಯ ಸೀಮೆಯಲ್ಲ. ಹಲಸಿ ಒಂದು ಕಾಲಕ್ಕೆ ಪಲಾಶಿಕಾ, ಕದಂಬರ ಇನ್ನೊಂದು ರಾಜಧಾನಿ. ಅಲ್ಲಿಯ ಭೂವರಾಹ ನರಸಿಂಹನ ಗುಡಿಯಲ್ಲಿ ಎರಡು ಗರ್ಭಗುಡಿ ಎದುರುಬದುರು. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಆತನ ಸಮಾಧಿಯ ಮೇಲಿನ ಆಲದ ಕೆಳಗೆ ನಿಂತಾಗ ನನಗೆ ಹೊಳೆದದ್ದು, ಇಂಗ್ಲಿಷರಿಗೆ ಅಷ್ಟು ದಿನ ಆತ ಸಿಗದೆ ಇದ್ದದ್ದು ಈ ಕಾಡು ಅವನನ್ನು ಮಡಿಲಲ್ಲಿ ಇಟ್ಟುಕೊಂಡದ್ದರಿಂದ. ಕಡೆಗೆ ಕೊಟ್ಟದ್ದು ಮನುಷ್ಯರು.

ಮಗಳು ಮದುವೆಯಾಗಿ ವೇಲ್ಸ್ ದೇಶಕ್ಕೆ ಹೋದದ್ದರಿಂದ ಈ ಕಾಡಿಗೆ ನನ್ನಲ್ಲಿ ಇನ್ನೊಂದು ಜೋಡಿ ಸಿಕ್ಕಿತು. ಅಳಿಯನ ಕೆಲಸ ಅಬೆರಿಸ್ಟ್ವಿತ್ ಎಂಬ ಕಡಲ ದಂಡೆಯ ಊರಿನಲ್ಲಿ. ಒಂದು ರವಿವಾರ ಫೋನ್ ಮಾಡಿ, "ಅಮ್ಮಾ, ಇವತ್ತು ಹಾವ್ರೆನ್ ಅನ್ನೋ ಕಾಡಿಗೆ ಹೋಗಿದ್ವಿ. ನೀನು ಹೇಳ್ತಿದ್ದೆಯಲ್ಲ, ಜಾಂಬೋಟಿ ಕಾಡಿನಾಗ ಕಿವಿ ತೆರೀತು ಅಂತ, ಹಂಗ ಆತು," ಅಂದಳು. ಆ ಸೀಮೆಯಲ್ಲಿ ಪುಮ್ಲುಮಾನ್ ಎಂಬ ಗುಡ್ಡ, 752 ಮೀಟರ್ ಎತ್ತರ. ನಮ್ಮ ಬೆಳಗಾವಿ ಊರೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ. ಆ ಒಂದೇ ಗುಡ್ಡದ ಮೈಮೇಲೆ ಮೂರು ಹೊಳೆ ಹುಟ್ಟುತ್ತವೆ. ರೈಡಾಲ್ ಎಂಬುದು ಪಶ್ಚಿಮಕ್ಕಿಳಿದು ನೇರ ಮಗಳ ಊರಿನ ಕಡಲಿಗೆ ಸೇರುತ್ತದೆ. ಸೆವರ್ನ್ ಮತ್ತು ವಾಯ್ ಇನ್ನೊಂದು ದಿಕ್ಕಿಗೆ ಹೊರಟು ಊರೂರು ಸುತ್ತಿ ಬೇರೆ ಕಡಲು ಕಾಣುತ್ತವೆ. ಸೆವರ್ನ್ ಬ್ರಿಟನ್ನಿನ ಅತಿ ಉದ್ದದ ನದಿ, 354 ಕಿಲೋಮೀಟರ್. ಅದರ ವೇಲ್ಸ್ ಭಾಷೆಯ ಹೆಸರೇ ಹಾವ್ರೆನ್. ಕಳೆದ ಶತಮಾನದಲ್ಲಿ ನೆಟ್ಟು ಬೆಳೆಸಿದ ಆ ಕಾಡಿಗೂ ಹೊಳೆಯ ಹೆಸರೇ ಇಟ್ಟಿದ್ದಾರೆ. ಕಾಡಿನ ನಡುವೆ ಏರಿ ಹೋದರೆ ಜೌಗು ನೆಲದಲ್ಲಿ ಒಂದು ಮರದ ಕಂಬ, ಅದರ ಬುಡದಲ್ಲಿ ಸ್ವಲ್ಪ ನೀರು. ಅದೇ ಮೂಲ. ಹಾವ್ರೆನ್ ಎಂಬ ಹುಡುಗಿ ಹೊಳೆಯಲ್ಲಿ ಮುಳುಗಿದಳು, ಅದಕ್ಕೆ ಆ ಹೆಸರು ಎಂದು ಅಲ್ಲಿಯ ಹಳೆಯ ಕತೆ.

ನಮ್ಮದೂ ಅದೇ ಕತೆಯಲ್ಲವೆ? ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಪೂರ್ವಕ್ಕೆ ಹೊರಡುತ್ತಾಳೆ. ಅದೇ ತಾಲೂಕಿನ ದೇಗಾಂವದಲ್ಲಿ, ಭೀಮಗಡದ ಕಾಡಿನೊಳಗೆ, ಮಹದಾಯಿ ಹುಟ್ಟಿ ಪಶ್ಚಿಮಕ್ಕೆ ಇಳಿಯುತ್ತಾಳೆ. ಗುಡ್ಡದ ಏಣಿನ ಮೇಲೆ ಬಿದ್ದ ಎರಡು ಹನಿ. ಒಂದು ಆ ಕಡೆ ಜಾರಿದರೆ ಗೋವೆಯ ಪಣಜಿಯಲ್ಲಿ ಅರಬ್ಬೀ ಕಡಲು ಸೇರುತ್ತದೆ. ಇನ್ನೊಂದು ಈ ಕಡೆ ಜಾರಿದರೆ ಖಾನಾಪುರ, ಎಂ.ಕೆ. ಹುಬ್ಬಳ್ಳಿ, ನವಿಲುತೀರ್ಥದ ಆಣೆಕಟ್ಟು, ನಮ್ಮ ರಾಮದುರ್ಗ, ಪಟ್ಟದಕಲ್ಲು, ಐಹೊಳೆ ಹಾಯ್ದು, 300 ಕಿಲೋಮೀಟರ್ ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯ ಕೈ ಹಿಡಿದು ಬಂಗಾಳಕೊಲ್ಲಿಗೆ ಹೋಗುತ್ತದೆ. ಒಂದೇ ಮೋಡದ ನೀರು ಅದು, ಎರಡು ಕಡಲು.

ಈ ಎರಡು ಹೊಳೆಗಳ ಜಗಳ ನಮ್ಮ ಭಾಗದವರಿಗೆ ಗೊತ್ತಿಲ್ಲದ್ದಲ್ಲ. ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಕೂತರು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿಯಲ್ಲಿ ಹೀಗೆ ತಿರುಗಿಸಲಿಕ್ಕೆಂದು ಇಟ್ಟದ್ದು 3.9. ವರತಿಯ ಮುಂದೆ ಕೊಡ ಇಟ್ಟುಕೊಂಡು ಕಾದ ನನಗೆ ಆ ರೈತರ ಕೂಗು ಪರಕೀಯವಲ್ಲ. ಹುಬ್ಬಳ್ಳಿ–ಧಾರವಾಡ ಕುಡಿಯುವುದೂ ಇದೇ ಮಲಪ್ರಭೆಯನ್ನೇ. ಆದರೆ ನೀರು ಕೇಳುವ ಉಸಿರಿನಲ್ಲೇ ಆ ನೀರನ್ನು ಹಿಡಿದಿಟ್ಟು ಕೊಡುವ ಕಾಡನ್ನೂ ಕೇಳಬೇಕು. ಸೊಸೆಯನ್ನು ಬೇಡುವವರು ಅವಳ ತವರನ್ನು ಹಾಳು ಮಾಡಿ ಬೇಡುವುದಿಲ್ಲ. ಕಾಡಿನೊಳಗಿನ ಹಳ್ಳಿಗಳ ಮಾತೂ ಇದೆ. ಮಳೆಗಾಲದಲ್ಲಿ ಹಳ್ಳ ಕಟ್ಟಿ ದಾರಿ ಇಲ್ಲದಾದಾಗ ರೋಗಿಯನ್ನು ಬಿದಿರು ಕಟ್ಟಿ ಹೆಗಲ ಮೇಲೆ ಹೊತ್ತು ತರುವ ಊರುಗಳು ಅವು. ತಳೇವಾಡಿಯ ಕೆಲವು ಕುಟುಂಬಗಳು ಪರಿಹಾರ ಪಡೆದು ಹೊರಗೆ ಬರಲು ಒಪ್ಪಿದವು. ಅವರು ಯಾರ ಒತ್ತಾಯಕ್ಕೂ ಅಲ್ಲದೆ ಬರಬೇಕು, ಬಂದ ಮೇಲೆ ಅವರ ಮಕ್ಕಳು ಶಾಲೆಗೂ ದವಾಖಾನೆಗೂ ಹತ್ತಿರ ಇರಬೇಕು. ಉಳಿಯುವೆ ಅಂದವರಿಗೆ ಉಳಿಯುವ ದಾರಿಯೂ ಇರಬೇಕು. ವೇಲ್ಸಿನಲ್ಲಿ 1965ರಲ್ಲಿ ಕಾಪೆಲ್ ಕೆಲಿನ್ ಎಂಬ ಹಳ್ಳಿಯನ್ನು ಲಿವರ್‌ಪೂಲ್ ಶಹರದ ನೀರಿಗಾಗಿ ಮುಳುಗಿಸಿದರು. ಅಲ್ಲಿಯ ಜನ ಇಂದಿಗೂ ಅದನ್ನು ಮರೆತಿಲ್ಲ ಎಂದು ಮಗಳು ಹೇಳಿದಳು. ದಾರಿಬದಿಯ ಗೋಡೆಯ ಮೇಲೆ ಆ ಊರನ್ನು ನೆನೆಯಿರಿ ಎಂದು ಬರೆದದ್ದನ್ನು ಅವಳೇ ನೋಡಿದ್ದಾಳೆ.

ಅವ್ವನನ್ನು ಕಣಕುಂಬಿಗೆ ಕರೆದುಕೊಂಡು ಹೋಗಬೇಕೆಂಬ ಆಸೆ ನನಗೆ ಮೊದಲ ದಿನದಿಂದಲೂ ಇತ್ತು. ಸುಗ್ಗಿ, ಹಬ್ಬ, ಯಾರದೋ ಬಾಣಂತನ ಎಂದು ವರ್ಷಗಳು ಹೋದವು. 2019ರ ಆಗಸ್ಟಿನಲ್ಲಿ ಆಣೆಕಟ್ಟಿನ ಬಾಗಿಲು ತೆರೆದು ಹೊಳೆ ನಮ್ಮ ಕೇರಿಗೆ ಬಂತು. ಅವ್ವ ಮೊಮ್ಮಗನ ಹೆಗಲು ಹಿಡಿದು ಹೊರಗೆ ಬಂದಳು. ನೀರು ಇಳಿದ ಮೇಲೆ ಮನೆಯೊಳಗೆ ಮೊಣಕಾಲುದ್ದ ರಾಡಿ, ಜೋಳದ ಹಗೆ ಕೊಳೆತು ನಾರುತ್ತಿತ್ತು. ಆಗ ಅವ್ವ ಒಂದು ಮಾತು ಅಂದಳು. "ಆಕಿ ಹಿಂಗ ಯಾಕ ಸಿಟ್ಟಾದಳೋ ಏನೋ. ಒಮ್ಮಿ ಆಕಿ ತವರಿಗೆ ಹೋಗಿ ಉಡಿ ತುಂಬಿ ಬರಬೇಕು."

ಡಿಸೆಂಬರಿನಲ್ಲಿ ಹೋದೆವು. ಅವ್ವ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಬಿಳಿಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿ, ಕೆನೆ ಮೊಸರು. ಬೇರೆ ಗಂಟಿನಲ್ಲಿ ಉಡಿಯ ಸಾಮಾನು: ಅಕ್ಕಿ, ಬಟ್ಟಲು ಕೊಬ್ಬರಿ, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ, ಗುಳೇದಗುಡ್ಡದ ಖಣ. ಜಾಂಬೋಟಿ ದಾಟಿದ ಮೇಲೆ ಮರಗಳು ರಸ್ತೆಯ ಮೇಲೆ ಕೂಡಿಕೊಂಡವು. ಅವ್ವ ಕಿಟಕಿಯ ಗಾಜು ಇಳಿಸಿದಳು. ಹಿಂದೆ ಓಡುವ ಮರಗಳನ್ನು ಎಣಿಸುವವಳ ಹಾಗೆ ಬೆರಳು ಆಡಿಸುತ್ತಿದ್ದಳು, ಆಮೇಲೆ ಬಿಟ್ಟಳು. "ಇಷ್ಟ ಗಿಡಾ ಯಾರು ಹಚ್ಚ್ಯಾರ?" ಎಂದು ಕೇಳಿದಳು. ಯಾರೂ ಹಚ್ಚಿಲ್ಲ, ತಾವೇ ಬೆಳೆದವು ಎಂದೆ. ಅದಕ್ಕೆ ಮಾತಾಡಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡಳು, ಹಿರಿಯರ ಮನೆಗೆ ಕಾಲಿಡುವಾಗ ಎಳೆದುಕೊಳ್ಳುವ ಹಾಗೆ.

ಕಣಕುಂಬಿ ಬೆಳಗಾವಿಯಿಂದ ಸುಮಾರು 40 ಕಿಲೋಮೀಟರ್. ಮಾವುಲಿ ದೇವಿಯ ಗುಡಿ, ಕಲ್ಲು ಕಟ್ಟಿದ ತೀರ್ಥ, ಸುತ್ತ ಗುಡ್ಡ, ಗುಡ್ಡದ ಮೇಲೆ ಇನ್ನೂ ಕರಗದ ಮಂಜು. ಗುಡಿಯಲ್ಲಿ ದೇವಿಗೆ ಉಡಿ ತುಂಬಿ ಬಂದು ಅವ್ವ ತೀರ್ಥದ ಮೆಟ್ಟಿಲ ಮೇಲೆ ಕೂತಳು. ನೀರು ಅಲುಗದೆ ನಿಂತಿತ್ತು, ತಳದ ಕಲ್ಲಿನ ಮೇಲಿನ ಪಾಚಿ ಕಾಣುವಷ್ಟು ತಿಳಿ. ಒಂದು ಎಲೆ ತೇಲುತ್ತಿತ್ತು. ಅವ್ವ ಬಹಳ ಹೊತ್ತು ನೋಡಿದಳು.

"ಇಷ್ಟ ಐತೇನ ನಮ್ಮ ಹೊಳಿ?"

"ಇಲ್ಲೇ ಹುಟ್ಟತಾಳವ್ವಾ. ಮುಂದ ಹಳ್ಳ ಹಳ್ಳ ಕೂಡಿ ದೊಡ್ಡಾಕಿ ಆಗತಾಳ."

ಅವ್ವ ಕೈ ಇಳಿಬಿಟ್ಟು ನೀರು ಮುಟ್ಟಿದಳು. ವರತಿ ತೋಡಿ ತೋಡಿ ಉಗುರು ದಪ್ಪವಾದ ಆ ಬೆರಳುಗಳು ಮಗುವಿನ ನೆತ್ತಿ ಮುಟ್ಟುವಷ್ಟು ಮೆಲ್ಲಗೆ ನೀರಿನ ಮೇಲೆ ಆಡಿದವು. ತೋಡುವ ಕೆಲಸ ಇರಲಿಲ್ಲ ಅಲ್ಲಿ. ನೀರು ತಾನಾಗಿ ಮೇಲೆ ಬಂದು ಕಾದು ಕೂತಿತ್ತು.

ಗುಡಿಯ ಕಟ್ಟೆಯ ಮೇಲೆ ಅಲ್ಲಿಯ ಒಬ್ಬ ಮುದುಕಿ ಬಿಸಿಲು ಕಾಯಿಸುತ್ತಿದ್ದಳು. ನಾವು ಬುತ್ತಿ ಬಿಚ್ಚಿದಾಗ ಅವ್ವ ಎರಡು ರೊಟ್ಟಿಯ ಮೇಲೆ ಹಿಂಡಿ ಹಾಕಿ ಆಕೆಯ ಕೈಗೆ ಕೊಟ್ಟಳು. ಮುದುಕಿ ರೊಟ್ಟಿಯನ್ನು ಮುರಿದು, ಮೂಸಿ, "ಜೋಂದಳ್ಯಾಚಿ?" ಎಂದು ಕೇಳಿ, ಮನೆಗೆ ಎದ್ದು ಹೋಗಿ ಅಕ್ಕಿ ಭಾಕರಿ ತಂದು ನಮಗೆ ಕೊಟ್ಟಳು. ಅವಳಿಗೆ ಕನ್ನಡ ಬಾರದು, ಅವ್ವನಿಗೆ ಮರಾಠಿ ಬಾರದು. ಅವ್ವ "ಯವ್ವಾ" ಅನ್ನುತ್ತಿದ್ದಳು, ಆಕೆ "ಬಾಯಿ" ಅನ್ನುತ್ತಿದ್ದಳು. ಎಕ್ಸ್‌ಚೇಂಜಿನಲ್ಲಿ ಅಷ್ಟು ವರ್ಷ ಎರಡು ಊರಿನ ದನಿಗಳನ್ನು ಕೂಡಿಸಿದವಳು ನಾನು. ಅಂದೂ ನಡುವೆ ಕೂತು ಅದೇ ಕೆಲಸ ಮಾಡಿದೆ.

ಮಳೆಗಾಲದ ನಾಲ್ಕು ತಿಂಗಳು ತಮ್ಮಲ್ಲಿ ಬಿಸಿಲು ಕಾಣುವುದಿಲ್ಲ, ಮನೆಯ ಗೋಡೆಗೆ ಹುಲ್ಲಿನ ತಟ್ಟಿ ಕಟ್ಟುತ್ತೇವೆ, ಕಟ್ಟಿಗೆಯನ್ನು ಒಲೆಯ ಮೇಲಿನ ಅಟ್ಟಣಿಗೆಯಲ್ಲಿ ಒಣಗಿಸುತ್ತೇವೆ ಎಂದಳು ಮುದುಕಿ. ಅವ್ವ ನಂಬಲಿಲ್ಲ. "ನಮ್ಮಲ್ಲಿ ನಾಲ್ಕು ದಿನಾ ಮಳಿ ಹಿಡದ್ರ ಹಬ್ಬಾ ಮಾಡ್ತೀವಿ," ಅಂದಳು. ಆಮೇಲೆ ನೆರೆಯ ಮಾತು ಹೇಳಿದಳು. ರಾಡಿ, ಹಗೆ, ತೇಲಿಹೋದ ಎಮ್ಮೆ ಕರು. ನಾನು ಹೇಳಿ ಮುಗಿಸುವ ಮೊದಲೇ ಮುದುಕಿಯ ಮುಖ ಸಣ್ಣದಾಯಿತು. ತಮ್ಮ ಮನೆಯ ಹುಡುಗಿ ಕೊಟ್ಟ ಮನೆಯಲ್ಲಿ ಏನೋ ಅನಾಹುತ ಮಾಡಿದಳೆಂದು ಕೇಳಿದವರ ಹಾಗೆ. ಎದ್ದು ಬಂದು ಅವ್ವನ ಕೈ ಹಿಡಿದಳು. ಆ ವರ್ಷ ತಮ್ಮಲ್ಲೂ ಗುಡ್ಡ ಕುಸಿಯುವಷ್ಟು ಮಳೆ ಬಿತ್ತು, ರಾತ್ರಿ ನಿದ್ದೆ ಇರಲಿಲ್ಲ, ಕೆಳಗಿನವರಿಗೆ ಏನಾಯಿತೋ ಎಂದು ಅಂದುಕೊಳ್ಳುತ್ತಿದ್ದೆವು ಎಂದಳು. ಕೆಳಗಿನವರು ಅಂದರೆ ನಾವು. ನಾವು ಮೇಲೆ ಎಂದು ಗದ್ದ ಎತ್ತಿದಾಗಲೆಲ್ಲ, ಇಲ್ಲಿ ಒಬ್ಬಳು ಕೆಳಗೆ ಎಂದು ನಮ್ಮ ಕಡೆ ನೋಡುತ್ತಿದ್ದಳು. ಆ ಮಾತನ್ನು ಅವ್ವನಿಗೆ ಕನ್ನಡದಲ್ಲಿ ಹೇಳುವಾಗ ನನ್ನ ದನಿ ಸರಿಯಾಗಿ ಬರಲಿಲ್ಲ.

ಹೊರಡುವಾಗ ನಾನು ಬಾಟಲಿ ತೆಗೆದೆ, ಮನೆಗೆ ತೀರ್ಥ ಒಯ್ಯಲೆಂದು. ಅವ್ವ ಕೈ ಹಿಡಿದಳು.

"ತುಂಬಬ್ಯಾಡ. ಆಕಿ ನಡಕೊಂಡ ಬರ್ತಾಳ ನಮ್ಮೂರಿಗೆ. ನಾವ್ಯಾಕ ಹೊತ್ತಕೊಂಡ ಹೋಗೂದು?"

ಬಾಟಲಿ ಖಾಲಿಯಾಗಿಯೇ ಚೀಲಕ್ಕೆ ಹೋಯಿತು. ಮುದುಕಿ ಕೊಟ್ಟ ಅಕ್ಕಿ ಭಾಕರಿಯ ಅರ್ಧವನ್ನು ಮಾತ್ರ ಅವ್ವ ಸೆರಗಿನ ತುದಿಗೆ ಕಟ್ಟಿಕೊಂಡಳು. ಗಾಡಿ ಜಾಂಬೋಟಿ ಇಳಿಯುವಾಗ ಒಂದು ಸಲ ನಿಲ್ಲಿಸಲು ಹೇಳಿದಳು. ಇಳಿದು ರಸ್ತೆಯ ಅಂಚಿಗೆ ನಿಂತು ಕಿವಿಗೊಟ್ಟಳು. ಚಾಲಕ ಹುಡುಗ ಇಂಜಿನ್ ಆರಿಸಿದ. ಎಲ್ಲೋ ಒಣ ಎಲೆ ಉದುರುವ ಸದ್ದು, ದೂರದಲ್ಲಿ ದನದ ಕೊರಳಿನ ಗಂಟೆ, ಕಣ್ಣಿಗೆ ಕಾಣದ ಹಳ್ಳದ ನೀರು. "ಬರಾಕತ್ತಾಳ," ಅಂದಳು ಅವ್ವ. ಮತ್ತೆ ಹತ್ತಿ ಕೂತಳು.

ಊರಿಗೆ ಮುಟ್ಟಿದ ರಾತ್ರಿ ಕೇರಿಯ ಹೆಂಗಸರು ಕಟ್ಟೆಗೆ ಬಂದು ಕೂಡಿದರು. ಅಕ್ಕಿ ಭಾಕರಿಯ ಚೂರು ಎಲ್ಲರ ಕೈಗೂ ಪ್ರಸಾದದ ಹಾಗೆ ಹೋಯಿತು. ನೆರೆ ಬಂದ ಗುರುತು ಗೋಡೆಯ ಮೇಲೆ ಆಳೆತ್ತರಕ್ಕೆ ಇನ್ನೂ ಇತ್ತು, ಅದರ ಕೆಳಗೇ ಅವ್ವ ಕೂತಿದ್ದಳು.

"ಎಷ್ಟ ದೊಡ್ಡದೈತೆ ಯಕ್ಕಾ ಅಲ್ಲಿ ಹೊಳಿ?" ಎಂದು ಕೇಳಿದಳು ಮಗ್ಗಲು ಮನೆಯ ಸೊಸೆ.

ಅವ್ವ ಎರಡೂ ಕೈ ಮುಂದೆ ಚಾಚಿ, ಕಿರುಬೆರಳಿಗೆ ಕಿರುಬೆರಳು ಕೂಡಿಸಿ, ಬೊಗಸೆ ಮಾಡಿ ತೋರಿಸಿದಳು.

"ಇಷ್ಟ."